ಕಾರು ಏಳಬೇಕಾದರೆ ಗಾಳಿ ಇಳಿಯಬೇಕು

ಜಾತ್ರೆಗೆ ಬರುತ್ತಿದ್ದ ಫೋಟೊ ಸ್ಟುಡಿಯೊಗಳಲ್ಲಿ ಪ್ಲೈವುಡ್ಡಿನ ವಿಮಾನ ಇರುತ್ತಿತ್ತು, ಅದರ ಹಿಂದೆ ಮೋಡ ಬರೆದ ಪರದೆ. ಹಾರುವ ಕಾರಿನ ಕನಸು ತೋರಿಸುವ ಸಿನಿಮಾಗಳೂ ವೀಡಿಯೊ ಕಲಾಕೃತಿಗಳೂ ಇಂದಿಗೂ ಹೆಚ್ಚಾಗಿ ಅದೇ ಉಪಾಯ ಹೂಡುತ್ತವೆ. ಕಾರು ನಿಂತಲ್ಲೇ ಇರುತ್ತದೆ, ಹಿಂದಿನ ಹಸಿರು ಪರದೆಯ ಜಾಗದಲ್ಲಿ ಊರು ಸರಿಯುತ್ತದೆ. ನೋಡಲು ಸೊಗಸು. ಆದರೆ ಕಾರು ಮೇಲೆದ್ದರೂ ರಸ್ತೆ ಬದಿಯ ಒಂದು ಎಲೆ ಅಲುಗುವುದಿಲ್ಲ. ಹಾರುವ ಯಂತ್ರದ ಕಷ್ಟವೆಲ್ಲ ಆ ಅಲುಗದ ಎಲೆಯಲ್ಲೇ ಇದೆ.

ರೆಕ್ಕೆ, ಫ್ಯಾನುಗಳಿಂದ ಹಾರುವ ಯಾವ ಯಂತ್ರವೂ ಗಾಳಿಯನ್ನು ಕೆಳಕ್ಕೆ ತಳ್ಳದೆ ಮೇಲಕ್ಕೇಳದು. ಎರಡು ಟನ್ ತೂಕದ ವಾಹನ ಎಂದಿಟ್ಟುಕೊಳ್ಳಿ. ಅದಕ್ಕೆ ಹೆಲಿಕಾಪ್ಟರಿನಂತೆ 11 ಮೀಟರ್ ಅಗಲಕ್ಕೆ ತಿರುಗುವ ರೆಕ್ಕೆ ಕೊಟ್ಟರೆ, ಗಾಳಿಯಲ್ಲಿ ನಿಲ್ಲಲು ಲೆಕ್ಕದ ಪ್ರಕಾರ ಕನಿಷ್ಠ 180 ಕಿಲೋವಾಟ್ ಸಾಕು. ಅದೇ ವಾಹನವನ್ನು ಕಾರಿನ ಅಳತೆಗೆ ಕುಗ್ಗಿಸಿ, ನಾಲ್ಕು ಮೂಲೆಗೆ ಮೀಟರ್ ಅಗಲದ ನಾಲ್ಕು ಫ್ಯಾನ್ ಹಾಕಿದರೆ ಸುಮಾರು 1,000 ಕಿಲೋವಾಟ್ ಬೇಕು. ತೂಕ ಅಷ್ಟೇ, ಶಕ್ತಿ ಮಾತ್ರ ಐದು ಪಟ್ಟಿಗೂ ಹೆಚ್ಚು. ಅಗಲವಾದ ರೆಕ್ಕೆ ಬಹಳಷ್ಟು ಗಾಳಿಯನ್ನು ಮೆಲ್ಲಗೆ ತಳ್ಳುತ್ತದೆ. ಸಣ್ಣ ಫ್ಯಾನು ಸ್ವಲ್ಪವೇ ಗಾಳಿಯನ್ನು ಭಾರೀ ವೇಗದಲ್ಲಿ ತಳ್ಳಬೇಕು. ಈ ಲೆಕ್ಕದಲ್ಲಿ ಫ್ಯಾನಿನ ಬಾಯಲ್ಲೇ ಗಾಳಿಯ ವೇಗ ಗಂಟೆಗೆ 180 ಕಿ.ಮೀ.

ಇಂಥ ವಾಹನವೊಂದನ್ನು ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದಿನಲ್ಲಿ, ಫರ್ಸಿ ಕಲ್ಲು ಪಾಲಿಶ್ ಮಾಡುವ ಅಂಗಳದಲ್ಲಿ ಎಬ್ಬಿಸಿ ನೋಡೋಣ. ಅಲ್ಲಿ ಕಲ್ಲು ಉಜ್ಜಿದ ಬಿಳಿ ರಾಡಿ ಬಿಸಿಲಿಗೆ ಒಣಗಿ ಹಿಟ್ಟಿನಂತಾಗಿರುತ್ತದೆ. ಮೊದಲ ಕ್ಷಣಕ್ಕೇ ಅದೆಲ್ಲ ಎದ್ದು ಚಾಲಕನ ಕಣ್ಣು ಕಟ್ಟುತ್ತದೆ, ಮತ್ತೆ ಫ್ಯಾನಿಗೇ ನುಗ್ಗುತ್ತದೆ. ವಾಡಿಯ ಸಿಮೆಂಟ್ ಧೂಳಿನಲ್ಲೂ ಚಿತ್ತಾಪುರದ ತೊಗರಿ ಹೊಲದ ಬದುವಿನಲ್ಲೂ ಇದೇ ಪಾಡು.

ನಮ್ಮ ಬಿಸಿಲಿಗೂ ಇದರಲ್ಲಿ ಪಾಲಿದೆ. ಕಾದ ಗಾಳಿ ತೆಳು. ಸಮುದ್ರಮಟ್ಟದಲ್ಲಿ 15 ಡಿಗ್ರಿಯಿದ್ದಾಗಿನ ಗಾಳಿಗೆ ಹೋಲಿಸಿದರೆ, ಸುಮಾರು 450 ಮೀಟರ್ ಎತ್ತರದ ನಮ್ಮ ಸೀಮೆಯಲ್ಲಿ 42 ಡಿಗ್ರಿ ಸುಡುವ ಮಧ್ಯಾಹ್ನದ ಗಾಳಿಯ ಸಾಂದ್ರತೆ ಶೇ 13ರಷ್ಟು ಕಡಿಮೆ. ಅದೇ ಭಾರ ಎತ್ತಲು ಶೇ 7ರಷ್ಟು ಹೆಚ್ಚು ಶಕ್ತಿ ಬೇಕು. ಬ್ಯಾಟರಿಯ ಪ್ರತಿ ಕಿಲೋ ತೂಕವನ್ನೂ ಅಳೆದು ತೂಗುವ ಯಂತ್ರಕ್ಕೆ ಇದು ಸಣ್ಣ ಹೊರೆಯಲ್ಲ.

ಆದ್ದರಿಂದಲೇ ನಿಜವಾಗಿ ಹಾರಿದ ಕಾರುಗಳಲ್ಲಿ ಹೆಚ್ಚಿನವಕ್ಕೆ ರೆಕ್ಕೆಗಳಿದ್ದವು. ಅಮೆರಿಕದ ಮೋಲ್ಟ್ ಟೇಲರ್ 1949ರಲ್ಲಿ ಹಾರಿಸಿದ ಏರೋಕಾರ್, ರಸ್ತೆಗಿಳಿದ ಮೇಲೆ ತನ್ನ ರೆಕ್ಕೆಗಳನ್ನು ಮಡಚಿ ಟ್ರೇಲರಿನಂತೆ ಎಳೆದುಕೊಂಡು ಹೋಗುತ್ತಿತ್ತು. 2021ರ ಜೂನ್‌ನಲ್ಲಿ ಸ್ಲೊವಾಕಿಯಾದ ಏರ್‌ಕಾರ್ ನಿಟ್ರಾದಿಂದ ಬ್ರಾಟಿಸ್ಲಾವಾಕ್ಕೆ 35 ನಿಮಿಷದಲ್ಲಿ ಹಾರಿತು. ಎರಡಕ್ಕೂ ರನ್‌ವೇ ಬೇಕೇ ಬೇಕು. ಟ್ರಾಫಿಕ್ಕಿನ ನಡುವಿನಿಂದ ಚಂಗನೆ ಏಳುವ ಕಾರುಗಳು ಇವಲ್ಲ.

ನಡುದಾರಿ ಹಿಡಿದವರು ಈಗ ಬೆಂಗಳೂರಿನಲ್ಲೇ ಇದ್ದಾರೆ. ಸರಳಾ ಏವಿಯೇಷನ್ ಕಂಪನಿ 'ಶೂನ್ಯ' ಎಂಬ ವಿದ್ಯುತ್ ಏರ್ ಟ್ಯಾಕ್ಸಿಯ ಪೂರ್ಣ ಅಳತೆಯ ಮಾದರಿಯನ್ನು 2025ರ ಜನವರಿಯಲ್ಲಿ ದೆಹಲಿಯ ಭಾರತ್ ಮೊಬಿಲಿಟಿ ಮೇಳದಲ್ಲಿ ಪ್ರದರ್ಶಿಸಿತು. 1936ರಲ್ಲಿ ವಿಮಾನ ಹಾರಿಸಿದ ಸರಳಾ ಠಕ್ರಾಲ್ ಅವರ ಹೆಸರು ಕಂಪನಿಗೆ. ಇಂಥ ಯಂತ್ರಗಳು ರೋಟರುಗಳ ಬಲದಿಂದ ನೆಟ್ಟಗೆ ಏಳುತ್ತವೆ, ಬಳಿಕ ರೆಕ್ಕೆಯ ಮೇಲೆ ಭಾರ ಹಾಕಿ ಮುಂದಕ್ಕೆ ಸಾಗುತ್ತವೆ. ಒಮ್ಮೆ ರೆಕ್ಕೆ ಭಾರ ಹೊತ್ತರೆ, ನಮ್ಮ ಎರಡು ಟನ್ ವಾಹನ ಗಂಟೆಗೆ 200 ಕಿ.ಮೀ. ವೇಗದಲ್ಲಿ ಸಾಗಲು ನೂರು ಕಿಲೋವಾಟಿನ ಆಸುಪಾಸು ಸಾಕಾಗುತ್ತದೆ. ದುಬಾರಿ ಕೆಲಸವೆಂದರೆ ಏಳುವುದು ಮತ್ತು ಇಳಿಯುವುದು. ಅವನ್ನು ಬೇಗ ಮುಗಿಸಿದಷ್ಟೂ ಒಳ್ಳೆಯದು.

ಕಂಪನಿಯ ಕಣ್ಣಿರುವುದು 20–30 ಕಿ.ಮೀ. ನಗರ ಪ್ರಯಾಣಗಳ ಮೇಲೆ. ನೇರ ಗೆರೆ ಎಳೆದರೆ ಕಲಬುರಗಿಯಿಂದ ಶಹಾಬಾದ್ ಆ ಅಳತೆಯೊಳಗೇ ಬರುತ್ತದೆ. ಸೇಡಂ 50 ಕಿ.ಮೀ. ಆಸುಪಾಸು, ಚಿಂಚೋಳಿ 60 ದಾಟುತ್ತದೆ. ಏಳಲು, ಇಳಿಯಲು ಜಾಗ ಬೇಕೆಂದರೆ, 2019ರ ನವೆಂಬರಿನಲ್ಲಿ ತೆರೆದ ಕಲಬುರಗಿ ವಿಮಾನ ನಿಲ್ದಾಣ ಸೇಡಂ ರಸ್ತೆಯಲ್ಲೇ ಇದೆ. ನನಗೆ ಈ ಯಂತ್ರ ಬೇಕೆನಿಸುವುದು ಟ್ರಾಫಿಕ್ ತಪ್ಪಿಸಿಕೊಳ್ಳುವವರಿಗಾಗಿ ಅಲ್ಲ. ಮಳೆಗಾಲದಲ್ಲಿ ಮಳಖೇಡದ ಬಳಿ ಕಾಗಿಣಾ ನದಿ ಉಕ್ಕಿ ಸೇತುವೆ ಮುಳುಗಿದರೆ ಸೇಡಂ ರಸ್ತೆ ಬಂದ್. ಎದೆನೋವಿನ ರೋಗಿಯನ್ನು ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಗೆ ಸಾಗಿಸುವ ಆಂಬುಲೆನ್ಸ್ ಸುತ್ತು ಹಾಕಬೇಕು. ಮಳೆಗಾಲದಲ್ಲಿ ಗಾಳಿ ತಂಪು, ನೆಲದ ಧೂಳು ಅಡಗಿರುತ್ತದೆ. ಬಿರುಗಾಳಿ, ಗುಡುಗು ಇಲ್ಲದ ಹೊತ್ತು ನೋಡಿ ಹಾರಿಸುವುದಾದರೆ, ಎಂಜಿನಿಯರುಗಳು ಪರೀಕ್ಷೆಗೆ ಆರಿಸಿಕೊಳ್ಳಬೇಕಾದ ದಾರಿ ಸೇಡಂ–ಕಲಬುರಗಿ.