ಎದೆಯಲ್ಲಿ ಗುಂಡಿನ ಚೂರು, ಕೈಯಲ್ಲಿ ಸೀಮೆಸುಣ್ಣ

ನಿಮ್ಮ ಮಕ್ಕಳ ಶಾಲೆಯ ಗೋಡೆಯ ಮೇಲೆ ಏನು ಬರೆದಿದೆ ಎಂದು ಎಂದಾದರೂ ಗಮನಿಸಿದ್ದೀರಾ? ಶಿಸ್ತು, ದೇಶಪ್ರೇಮ, ಜ್ಞಾನ ಎಂಬಂತಹ ದೊಡ್ಡ ದೊಡ್ಡ ಪದಗಳಿರುತ್ತವೆ. ಉಕ್ರೇನ್ ದೇಶದ ಪಾವ್ಲಿಷ್ ಎಂಬ ಹಳ್ಳಿಯ ಶಾಲೆಯಲ್ಲಿ ಮಾತ್ರ, ತಾಯಿಯನ್ನು ಪ್ರೀತಿಸಬೇಕು ಎಂಬ ಒಂದೇ ಒಂದು ಮಾತು ಮಕ್ಕಳನ್ನು ಎದುರುಗೊಳ್ಳುತ್ತಿತ್ತು. ಅದು ಸೋವಿಯತ್ ಕಾಲ. ಎಲ್ಲೆಲ್ಲೂ ಪಕ್ಷದ, ರಾಷ್ಟ್ರದ ಘೋಷಣೆಗಳೇ ತುಂಬಿದ್ದ ದಿನಗಳು. ದೇಶದ ಹೆಸರು ಬಿಟ್ಟು ತಾಯಿಯ ಹೆಸರೇಕೆ ಎಂದು ಕೇಳಿದವರಿಗೆ ಅಲ್ಲಿಯ ಮುಖ್ಯೋಪಾಧ್ಯಾಯರು, ಏಳು ವರ್ಷದ ಮಗುವಿಗೆ ದೇಶವೆಂದರೆ ಅರ್ಥವಾಗದು, ಅಮ್ಮ ಎಂದರೆ ಅರ್ಥವಾಗುತ್ತದೆ ಎಂದು ವಿವರಿಸುತ್ತಿದ್ದರಂತೆ.

ಆ ಮುಖ್ಯೋಪಾಧ್ಯಾಯರೇ ವಾಸಿಲ್ ಸುಖೋಮ್ಲಿನ್ಸ್ಕಿ. ಹೆಸರು ನಮ್ಮ ನಾಲಿಗೆಗೆ ಸುಲಭವಲ್ಲ, ನಿಜ. ಆದರೆ ಮಕ್ಕಳನ್ನು ಸಾಕುವ ಪ್ರತಿಯೊಬ್ಬ ತಾಯಿಯೂ ಈ ಮನುಷ್ಯನ ಬದುಕನ್ನು ತಿಳಿದುಕೊಳ್ಳಬೇಕು ಎಂದು ನನಗೆ ಅನಿಸುತ್ತದೆ.

ಅವರು ಹುಟ್ಟಿದ್ದು 1918ರ ಸೆಪ್ಟೆಂಬರ್ 28ರಂದು, ಉಕ್ರೇನಿನ ಒಂದು ಬಡ ರೈತ ಕುಟುಂಬದಲ್ಲಿ. 1932-33ರ ಭೀಕರ ಕ್ಷಾಮ ಬಂದಾಗ ಅವರಿನ್ನೂ ಹದಿಹರೆಯದ ಹುಡುಗ. ಹದಿನೇಳನೇ ವಯಸ್ಸಿಗೇ ಹಳ್ಳಿಯ ಮಕ್ಕಳಿಗೆ ಪಾಠ ಹೇಳತೊಡಗಿದರು. ಕೆಲಸ ಮಾಡುತ್ತಲೇ ಓದಿ ಪೊಲ್ಟಾವಾದ ಶಿಕ್ಷಕರ ಸಂಸ್ಥೆಯಿಂದ ಪದವಿ ಪಡೆದರು. ವೀರಾ ಎಂಬ ಯುವತಿಯನ್ನು ಮದುವೆಯಾದರು. ಆಕೆಯೂ ಶಿಕ್ಷಕಿ. ಎಲ್ಲರಂತೆ ಒಂದು ಸಣ್ಣ ಸಂಸಾರ, ಸಣ್ಣ ಕನಸುಗಳು.

1941ರ ಜೂನ್‌ನಲ್ಲಿ ಹಿಟ್ಲರನ ಸೈನ್ಯ ನುಗ್ಗಿ ಬಂತು. ಸುಖೋಮ್ಲಿನ್ಸ್ಕಿ ಸಮವಸ್ತ್ರ ತೊಟ್ಟು ರಣರಂಗಕ್ಕೆ ಹೋದರು. ಹೆಂಡತಿ ಊರಲ್ಲೇ ಉಳಿದಳು. 1942ರ ಆರಂಭದಲ್ಲಿ ರ್ಜೇವ್ ನಗರದ ಬಳಿ ನಡೆದ ಕಾಳಗದಲ್ಲಿ ಸಿಡಿಗುಂಡಿನ ಚೂರುಗಳು ಅವರ ಎದೆಯನ್ನು ಹೊಕ್ಕವು. ತೋಳೂ ಜಜ್ಜಿಹೋಯಿತು. ತಿಂಗಳುಗಟ್ಟಲೆ ಆಸ್ಪತ್ರೆಯ ಹಾಸಿಗೆ. ಎಲ್ಲ ಚೂರುಗಳನ್ನೂ ತೆಗೆಯಲು ವೈದ್ಯರಿಂದ ಆಗಲಿಲ್ಲ. ಕೆಲವು ಸಾಯುವವರೆಗೂ ಅವರ ಎದೆಯಲ್ಲೇ ಉಳಿದವು. ಮತ್ತೆ ಯುದ್ಧಕ್ಕೆ ಹೋಗುವಂತಿರಲಿಲ್ಲ. ಚಿಕಿತ್ಸೆ ಪಡೆದ ಉವಾ ಎಂಬ ದೂರದ ಊರಿನಲ್ಲೇ ಶಾಲೆಯ ಮುಖ್ಯಸ್ಥರಾದರು. ತಮ್ಮ ಪ್ರದೇಶ ಶತ್ರುಗಳಿಂದ ಬಿಡುಗಡೆಯಾದ ಮೇಲೆ, 1944ರಲ್ಲಿ ಊರಿಗೆ ಮರಳಿದರು.

ಊರಲ್ಲಿ ಅವರಿಗಾಗಿ ಕಾದಿದ್ದ ಸುದ್ದಿ ಯಾವ ಗಂಡನಿಗೂ, ಯಾವ ತಂದೆಗೂ ಬರಬಾರದು. ಪ್ರತಿರೋಧ ಹೋರಾಟಗಾರರಿಗೆ ನೆರವಾಗಿದ್ದ ವೀರಾಳನ್ನು ಜರ್ಮನ್ ಗುಪ್ತ ಪೊಲೀಸರು ಹಿಡಿದಿದ್ದರು. ಆಕೆ ಆಗ ಗರ್ಭಿಣಿ. ಸೆರೆಮನೆಯಲ್ಲೇ ಹೆರಿಗೆಯಾಯಿತು. ಬಾಯಿ ಬಿಡಿಸಲೆಂದು ಅವಳ ಕಣ್ಣೆದುರೇ ಹಸುಗೂಸನ್ನು ಕೊಂದರು, ನಂತರ ಅವಳನ್ನೂ ಚಿತ್ರಹಿಂಸೆ ಕೊಟ್ಟು ಗಲ್ಲಿಗೇರಿಸಿದರು ಎಂದು ಸುಖೋಮ್ಲಿನ್ಸ್ಕಿ ಬರೆದುಕೊಂಡಿದ್ದಾರೆ. ತನ್ನ ಮಗುವಿನ ಮುಖವನ್ನು ಅವರು ಒಮ್ಮೆಯೂ ನೋಡಲಿಲ್ಲ.

ಇಷ್ಟಾದ ಮೇಲೆ ಒಬ್ಬ ಮನುಷ್ಯ ಏನಾಗಬಹುದು? ಕುಡುಕನಾಗಬಹುದು, ಕ್ರೂರಿಯಾಗಬಹುದು, ಲೋಕದ ಮೇಲೆಯೇ ಮುನಿದು ಮೂಲೆ ಸೇರಬಹುದು. ಯುದ್ಧದಿಂದ ಬಂದ ಎಷ್ಟೋ ಗಂಡಸರು ಹಾಗಾದರು. ಅವರನ್ನು ದೂಷಿಸಲು ನಾವು ಯಾರು? ಸುಖೋಮ್ಲಿನ್ಸ್ಕಿಯವರ ದುಃಖ ಮಾತ್ರ ಬೇರೆ ದಾರಿ ಹಿಡಿಯಿತು. ಜಿಲ್ಲೆಯ ಶಿಕ್ಷಣ ಇಲಾಖೆಯಲ್ಲಿ ಅವರಿಗೆ ಅಧಿಕಾರದ ಕುರ್ಚಿ ಸಿಕ್ಕಿತ್ತು. ಅದನ್ನು ಬಿಟ್ಟು, ತಾವಾಗಿಯೇ ಕೇಳಿಕೊಂಡು ಪಾವ್ಲಿಷ್ ಶಾಲೆಗೆ ಬಂದರು. 1948ರಿಂದ ಕೊನೆಯುಸಿರಿನವರೆಗೆ ಅಲ್ಲೇ ಇದ್ದರು. ಉವಾದಲ್ಲಿ ಪರಿಚಯವಾದ ಹನ್ನಾ ಎಂಬ ಶಿಕ್ಷಕಿಯನ್ನು ಅವರು ಎರಡನೇ ಮದುವೆಯಾಗಿದ್ದರು. ಮನೆಯೂ ಶಾಲೆಯ ಆವರಣದಲ್ಲೇ. ನಸುಕಿನಲ್ಲೆದ್ದು ಎಂಟು ಗಂಟೆಯವರೆಗೆ ಬರೆಯುವುದು, ಆಮೇಲೆ ಇಡೀ ದಿನ ಮಕ್ಕಳ ಜೊತೆ.

1951ರಲ್ಲಿ ಅವರು ಆರು ವರ್ಷದ 31 ಮಕ್ಕಳನ್ನು ಒಟ್ಟುಗೂಡಿಸಿದರು. ಯುದ್ಧ ಮುಗಿಯುವ ಹೊತ್ತಿಗೆ ಹುಟ್ಟಿದ ಮಕ್ಕಳವು. ಹಲವರಿಗೆ ತಂದೆ ಇಲ್ಲ, ಕೆಲವು ಮನೆಗಳಲ್ಲಿ ಅಜ್ಜಿಯೇ ಗತಿ. ಸಹೋದರಿಯರೇ, ಗಂಡ ಗಲ್ಫ್‌ನಲ್ಲಿದ್ದು ಒಬ್ಬಳೇ ಮಕ್ಕಳನ್ನು ನೋಡಿಕೊಳ್ಳುವ ನಿಮಗೆ ತಂದೆ ಜೊತೆಯಲ್ಲಿಲ್ಲದ ಮನೆಯ ಮೌನ ಗೊತ್ತಿದೆ. ಅಲ್ಲಿ ಆ ತಂದೆಯಂದಿರು ಎಂದೂ ಮರಳಿ ಬರುವವರಾಗಿರಲಿಲ್ಲ.

ಈ ಮಕ್ಕಳನ್ನು ಅವರು ನೇರವಾಗಿ ಬೆಂಚಿನ ಮೇಲೆ ಕೂರಿಸಲಿಲ್ಲ. ಒಂದು ವರ್ಷ ಪೂರ್ತಿ ದ್ರಾಕ್ಷಿ ಚಪ್ಪರದ ಕೆಳಗೆ, ಹುಲ್ಲುಗಾವಲಿನಲ್ಲಿ, ತೋಟದಲ್ಲಿ ಅಲೆದಾಡಿಸಿದರು. ಕಥೆ ಹೇಳಿದರು, ಅವರಿಂದಲೂ ಕಥೆ ಹೇಳಿಸಿದರು. ಹುಲ್ಲುಗಾವಲನ್ನು ನೋಡಿ ಬಂದ ಮಗು ಅದರ ಚಿತ್ರ ಬರೆಯುತ್ತದೆ, ಚಿತ್ರದ ಕೆಳಗೆ ಆ ಪದವನ್ನು ಬರೆಯುತ್ತದೆ. ಅಕ್ಷರ ಹೀಗೆ ಬಂತು, ಬೆತ್ತದ ಹೆದರಿಕೆಯಿಲ್ಲದೆ. ಗಾಯಗೊಂಡ ಹಕ್ಕಿಗಳಿಗೆಂದು ಮಕ್ಕಳದೇ ಒಂದು ಪುಟ್ಟ ಆಸ್ಪತ್ರೆಯೂ ಇತ್ತು! ಕೊಲ್ಲುವುದನ್ನೇ ಕಂಡು ಬೆಳೆದ ಊರಿನಲ್ಲಿ ಒಂದು ಗುಬ್ಬಿಯ ರೆಕ್ಕೆಗೆ ಮದ್ದು ಹಚ್ಚುವುದನ್ನು ಕಲಿಸುವುದು ಸಣ್ಣ ಪಾಠವೆಂದು ನನಗೆ ತೋರುವುದಿಲ್ಲ.

ಅಂಕಗಳ ವಿಷಯಕ್ಕೆ ಬರೋಣ. ಇದು ನಮಗೆ ಚುಚ್ಚುವ ವಿಷಯ. ಸುಖೋಮ್ಲಿನ್ಸ್ಕಿ ಚಿಕ್ಕ ತರಗತಿಯ ಮಕ್ಕಳಿಗೆ ಫೇಲ್ ಎಂಬ ಅಂಕವನ್ನೇ ಕೊಡುತ್ತಿರಲಿಲ್ಲ. ಮಗುವಿಗೆ ಲೆಕ್ಕ ಬಾರದಿದ್ದರೆ ಅಂಕದ ಜಾಗ ಖಾಲಿ, ಬಂದ ದಿನ ಅಂಕ. ಅಂಕವೆಂಬುದು ದುಡಿಮೆಗೆ ಸಿಗುವ ಕೂಲಿಯಾಗಬೇಕೇ ಹೊರತು ಬೆನ್ನ ಮೇಲಿನ ಬಾಸುಂಡೆಯಾಗಬಾರದು ಎಂಬುದು ಅವರ ನಿಲುವು. ಶಾಲೆಯ ಕೆಟ್ಟ ಅಂಕ ಮನೆಯಲ್ಲಿ ಪೆಟ್ಟಾಗಿ ಮಾರ್ಪಡುವುದನ್ನು ಅವರು ಬಲ್ಲವರಾಗಿದ್ದರು. ಪ್ರೋಗ್ರೆಸ್ ಕಾರ್ಡ್ ಬಂದ ಸಂಜೆ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಪಕ್ಕದ ಮನೆಯ ಹುಡುಗಿಗೆ ಎಷ್ಟು ಬಂತು ಎಂಬ ಪ್ರಶ್ನೆಯಂತೂ ಮೊದಲು ಬಂದೇ ಬರುತ್ತದೆ.

ಅವರು ತಂದೆತಾಯಿಗಳಿಗೂ ಶಾಲೆ ನಡೆಸುತ್ತಿದ್ದರು. ತಿಂಗಳಿಗೆ ಎರಡು ಸಲ, ಮಕ್ಕಳ ವಯಸ್ಸಿಗೆ ತಕ್ಕಂತೆ ಗುಂಪು ಮಾಡಿ ಪಾಠ. ಮಗು ಶಾಲೆಗೆ ಸೇರುವ ಮೊದಲೇ ಈ ಪಾಠ ಶುರುವಾಗುತ್ತಿತ್ತು. ಆದರೆ ಯಾವ ಮನೆಯ ಗುಟ್ಟನ್ನೂ ಸಭೆಯಲ್ಲಿ ಎತ್ತುವಂತಿಲ್ಲ. ನಾಲ್ಕು ಜನರೆದುರು ತಾಯಿಯ ಮಾನ ಕಳೆದರೆ ಆ ಸಿಟ್ಟು ರಾತ್ರಿ ಮಗುವಿನ ಮೇಲೆಯೇ ಇಳಿಯುವುದಲ್ಲವೇ?

ಒಂದು ಹೂವಿನ ಪ್ರಸಂಗವನ್ನು ಬೇರೆ ಬೇರೆ ರೂಪದಲ್ಲಿ ಹೇಳಲಾಗುತ್ತದೆ. ಶಾಲೆಯ ತೋಟದಲ್ಲಿ ಮಕ್ಕಳು ಜತನದಿಂದ ಬೆಳೆಸಿದ ಹೂವನ್ನು ಪುಟ್ಟ ಹುಡುಗಿಯೊಬ್ಬಳು ಕಿತ್ತುಬಿಟ್ಟಳು. ಕೇಳಿದರೆ, ಮನೆಯಲ್ಲಿ ಹಾಸಿಗೆ ಹಿಡಿದವರಿಗೆ ತೋರಿಸಲೆಂದು. ಸುಖೋಮ್ಲಿನ್ಸ್ಕಿ ಗದರಲಿಲ್ಲ, ಇನ್ನಷ್ಟು ಹೂಗಳನ್ನು ಕೊಟ್ಟರು. ಒಂದು ಅವಳಿಗೆ, ಒಳ್ಳೆಯ ಮನಸ್ಸಿಗಾಗಿ. ಇನ್ನೊಂದು, ಅಂಥ ಮಗಳನ್ನು ಬೆಳೆಸಿದ ತಾಯಿಗೆ. ಏಕೆ ಕಿತ್ತೆ ಎಂದು ಕೇಳುವ ತಾಳ್ಮೆ ಇಲ್ಲದಿದ್ದರೆ ಅಲ್ಲಿ ಬೀಳುತ್ತಿದ್ದುದು ಏಟು.

ಎಲ್ಲರಿಗೂ ಇದು ಹಿಡಿಸಿತೆಂದು ತಿಳಿಯಬೇಡಿ. 1967ರಲ್ಲಿ ಸೋವಿಯತ್ ಶಿಕ್ಷಕರ ಪತ್ರಿಕೆಯೇ ಅವರನ್ನು ಕಟುವಾಗಿ ಟೀಕಿಸಿತು. ಬೇಕಾಗಿರುವುದು ಹೋರಾಟ, ಕರುಣೆಯ ಉಪದೇಶವಲ್ಲ ಎಂಬುದು ಆರೋಪದ ಸಾರಾಂಶ. ಅವರೇನೂ ಸರಕಾರದ ವಿರೋಧಿಯಲ್ಲ, ಕಮ್ಯುನಿಸ್ಟ್ ಪಕ್ಷದವರೇ. 1968ರಲ್ಲಿ ಅದೇ ಸರಕಾರ ಅವರಿಗೆ ಸಮಾಜವಾದಿ ಶ್ರಮವೀರ ಎಂಬ ದೊಡ್ಡ ಬಿರುದನ್ನೂ ಕೊಟ್ಟಿತು. ಆದರೂ ಆ ಟೀಕೆ ಅವರನ್ನು ನೋಯಿಸಿತು. ಆರೋಗ್ಯವೂ ಕೆಡುತ್ತಾ ಬಂದಿತ್ತು. ಮಕ್ಕಳಿಗೆ ಹೃದಯವನ್ನು ಕೊಡುವೆನೆಂಬ ಅರ್ಥದ ಹೆಸರಿನ ಅವರ ಪ್ರಸಿದ್ಧ ಪುಸ್ತಕ 1969ರಲ್ಲಿ ಕೀವ್‌ನಲ್ಲಿ ಪ್ರಕಟವಾಯಿತು. ಚೀನಾದ ಶಿಕ್ಷಕರು ಅದನ್ನು ಇಂದಿಗೂ ಓದುತ್ತಾರೆ. ಮಕ್ಕಳಿಗಾಗಿ ಅವರು ಬರೆದ ಪುಟ್ಟ ಕಥೆಗಳೇ ಸಾವಿರಕ್ಕೂ ಹೆಚ್ಚು.

1970ರ ಸೆಪ್ಟೆಂಬರ್ 1ರಂದು ಎಂದಿನಂತೆ ಹೊಸ ಶಾಲಾವರ್ಷ ಆರಂಭವಾಯಿತು. ಮರುದಿನ ಸುಖೋಮ್ಲಿನ್ಸ್ಕಿ ತೀರಿಕೊಂಡರು. ವಯಸ್ಸು ಇನ್ನೂ 51. ಮಗಳು ಓಲ್ಹಾ ಮುಂದೆ ಶಿಕ್ಷಣ ವಿದ್ವಾಂಸೆಯಾಗಿ ತಂದೆಯ ಬರಹಗಳನ್ನು ಸಂಪಾದಿಸಿದರು. ಶಾಲೆಯಲ್ಲೇ ಅವರ ಸ್ಮಾರಕ ವಸ್ತುಸಂಗ್ರಹಾಲಯವಿದೆ. 2022ರಲ್ಲಿ ಆ ದೇಶಕ್ಕೆ ಮತ್ತೆ ಯುದ್ಧ ಬಂತು. ತಂದೆಯಿಲ್ಲದ ಮಕ್ಕಳು ಅಲ್ಲಿ ಮತ್ತೆ ಶಾಲೆಗೆ ಬರುವಂತಾಯಿತು.

ಹೇಳಲು ಮರೆಯಬಾರದ ಇನ್ನೊಂದು ವಿಷಯವಿದೆ. ಪಾವ್ಲಿಷ್‌ನಲ್ಲಿ ಮಗು ಶಾಲೆಗೆ ಸೇರಿದ ವರ್ಷ ತನ್ನ ಕೈಯಾರೆ ಸೇಬಿನ ಸಸಿಗಳನ್ನು ನೆಡುತ್ತಿತ್ತು. ಒಂದು ಅಮ್ಮನ ಹೆಸರಿನಲ್ಲಿ, ಒಂದು ಅಪ್ಪನ ಹೆಸರಿನಲ್ಲಿ, ಅಜ್ಜ ಅಜ್ಜಿಯರಿಗೂ ಒಂದೊಂದು. ನೀರು ಹಾಕಿ ವರ್ಷಗಟ್ಟಲೆ ಕಾಯಬೇಕು. ಮರ ಬಿಟ್ಟ ಮೊದಲ ಹಣ್ಣನ್ನು ಮಗು ತಾನು ತಿನ್ನುತ್ತಿರಲಿಲ್ಲ, ಮನೆಗೆ ಒಯ್ದು ಯಾರ ಹೆಸರಿನ ಮರವೋ ಅವರ ಕೈಗಿಡುತ್ತಿತ್ತು.