ಹೊಸದಾಗಿ ಬಂದ ನಾಯಿ ರಾತ್ರಿ ಊಳಿಟ್ಟರೆ

ಕರುವಿಗೆ ಚಿಕಿತ್ಸೆ ಕೊಡಲು ಹೋದಾಗ ರೈತರೊಬ್ಬರು ಹೇಳಿದರು: "ಕೊಟ್ಟಿಗೆ ಕಾವಲಿಗೆ ಅಂತ ಭಾವನ ಮನೆಯಿಂದ ಮೂರು ವರ್ಷದ ನಾಯಿ ತಂದೆ ಡಾಕ್ಟ್ರೇ. ರಾತ್ರಿಯೆಲ್ಲ ಊಳಿಡುತ್ತೆ. ಅಪಶಕುನ, ಎಲ್ಲಾದರೂ ಬಿಟ್ಟು ಬಾ ಅಂತಾರೆ ಅಮ್ಮ."

ಅಪಶಕುನವಲ್ಲ, ಹೆದರಿಕೆ. ಬೆಳೆದ ನಾಯಿಗೆ ಪರಿಚಿತ ವಾಸನೆ, ಸದ್ದು, ಜನ ಎಲ್ಲವೂ ಒಂದೇ ದಿನಕ್ಕೆ ತಪ್ಪಿಹೋಗಿರುತ್ತವೆ. ಹೊಡೆದರೆ ಹೆದರಿಕೆ ಹೆಚ್ಚುತ್ತದೆ. ಬಿಚ್ಚಿಬಿಟ್ಟರೆ ಹಳೆಯ ಮನೆ ಹುಡುಕುತ್ತಾ ಹೋಗಿ ರಸ್ತೆಯಲ್ಲಿ ಗಾಡಿಗೆ ಸಿಗಬಹುದು.

ಮೊದಲ ದಿನಗಳಲ್ಲಿ ದೂರದ ಕೊಟ್ಟಿಗೆಯಲ್ಲಿ ಒಂಟಿಯಾಗಿ ಕಟ್ಟಬೇಡಿ. ಜಗಲಿಯಲ್ಲಿ, ನಿಮ್ಮ ಕೆಮ್ಮು, ಮಾತು ಕೇಳುವಷ್ಟು ಹತ್ತಿರ ಮಲಗಿಸಿ. ಅದು ಮೊದಲು ಮಲಗುತ್ತಿದ್ದ ಗೋಣಿಚೀಲವನ್ನೇ ತಂದು ಹಾಸಿ. ಕೊಳೆಯೆಂದು ಒಗೆಯಬೇಡಿ, ಆ ವಾಸನೆಯೇ ಅದಕ್ಕೆ ಧೈರ್ಯ. ಸಂಜೆ ಡೇರಿಗೆ ಹಾಲು ಹಾಕಲು ಹೋಗುವಾಗ ಹಗ್ಗ ಹಿಡಿದು ಜೊತೆಗೆ ಕರೆದೊಯ್ಯಿರಿ, ಬಂದ ಮೇಲೆ ಊಟ ಹಾಕಿ. ರಾತ್ರಿ ಎದ್ದು ಕೂಗಿದರೆ ಗದರಬೇಡಿ. ಹತ್ತಿರ ಕೂತು ಮೆಲ್ಲಗೆ ಮಾತಾಡಿಸಿ. ನಿದ್ದೆ ಹತ್ತತೊಡಗಿದ ಮೇಲೆ ಗೋಣಿಯನ್ನು ದಿನಕ್ಕೆ ನಾಲ್ಕು ಹೆಜ್ಜೆಯಂತೆ ಕೊಟ್ಟಿಗೆಯತ್ತ ಸರಿಸಿ. ಆ ರೈತರ ನಾಯಿ ಕೊಟ್ಟಿಗೆ ಸೇರಲು ಹದಿನೈದು ದಿನ ಹಿಡಿಯಿತು. ಅವರ ನಿದ್ದೆಯೂ ಕೆಟ್ಟಿತು ಅನ್ನಿ!

ಆದರೆ ಎಲ್ಲ ಕೂಗೂ ಹೆದರಿಕೆಯದಲ್ಲ. ದನಿ ಒಡೆದು ಬದಲಾಗಿದ್ದರೆ, ಜೊಲ್ಲು ಸುರಿಸುತ್ತಾ ನುಂಗಲು ಕಷ್ಟಪಡುತ್ತಿದ್ದರೆ, ಏನೋ ಸಿಕ್ಕಿಕೊಂಡಿದೆಯೆಂದು ಬಾಯಿಗೆ ಕೈ ಹಾಕಬೇಡಿ. ರೇಬೀಸ್ ಇರಬಹುದು. ಮಕ್ಕಳನ್ನೂ ದನಗಳನ್ನೂ ದೂರವಿಟ್ಟು ನಮಗೆ ತಿಳಿಸಿ. ಕಚ್ಚಿದ್ದರೆ, ಜೊಲ್ಲು ಗಾಯಕ್ಕೆ ತಗುಲಿದ್ದರೆ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ನಾಯಿ ಕೊಟ್ಟವರು ಲಸಿಕೆಯ ಕಾರ್ಡ್ ಕೊಡದಿದ್ದರೆ, ಹಾಕಿಸಿಲ್ಲವೆಂದೇ ತಿಳಿದು ಈ ವಾರವೇ ಹಾಕಿಸಿ.