ಬಯೋದಲ್ಲಿ ಹದಿನೈದು ಮಂದಿ

2004ರ ಏಪ್ರಿಲ್ 17ರಂದು ಜಕ್ಕೂರು ಏರೋಡ್ರೋಮಿನಿಂದ ಮೇಲೆದ್ದ ಪುಟ್ಟ ವಿಮಾನ ಪಕ್ಕದ ಜಿಕೆವಿಕೆ ಆವರಣದಲ್ಲೇ ಬಿದ್ದು ನಟಿ ಸೌಂದರ್ಯ ತೀರಿಕೊಂಡರು. ಅವರು ಅಭಿನಯಿಸಿದ್ದ ‘ಆಪ್ತಮಿತ್ರ’ ತೆರೆ ಕಂಡದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಗಂಗಾ ಎಂಬ ಗೃಹಿಣಿ ಎಂದೋ ಸತ್ತ ನರ್ತಕಿ ನಾಗವಲ್ಲಿಯಾಗಿ ಬದಲಾಗುತ್ತಾಳೆ. ಇದು ದೆವ್ವವಲ್ಲ, ಮನಸ್ಸಿನ ಕಾಯಿಲೆ ಎಂದು ವಿಷ್ಣುವರ್ಧನ್ ಪಾತ್ರದ ಮನೋವೈದ್ಯ ವಿವರಿಸುತ್ತಾರೆ. ಒಬ್ಬರೊಳಗೆ ಇನ್ನೊಬ್ಬರು ಎಂಬ ಕಲ್ಪನೆಗೆ ಕನ್ನಡದ ಪ್ರೇಕ್ಷಕರು ಅಲ್ಲೊಂದು ಮುಖ ಕಂಡರು. ಈಗಲೂ ಮನೆಯಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ಕೆರಳಿದರೆ ‘ನಾಗವಲ್ಲಿ ಬಂದ್ಲು ನೋಡು’ ಎಂದು ನಗುವುದುಂಟು.

ಚಿತ್ರದ ಚಿಕಿತ್ಸೆಯನ್ನು ಯಾವ ಮನೋವೈದ್ಯರೂ ಒಪ್ಪಲಾರರು, ಅದು ಬೇರೆ ಮಾತು. ಆದರೆ ಕಥೆಗಾರ ಒಂದನ್ನು ಸರಿಯಾಗಿ ಹಿಡಿದಿದ್ದ: ತಾನು ನಾಗವಲ್ಲಿಯಾಗುತ್ತಿದ್ದೇನೆ ಎಂಬುದು ಗಂಗಾಳಿಗೆ ಗೊತ್ತೇ ಇರುವುದಿಲ್ಲ.

ಮೊಬೈಲಿನಲ್ಲಿ ಕಾಣುವ ನಾಗವಲ್ಲಿಯರಿಗೆ ಎಲ್ಲವೂ ಗೊತ್ತು. ಯಲಹಂಕದ ಪಿ.ಜಿ.ಯೊಂದರಲ್ಲಿರುವ ಹತ್ತೊಂಬತ್ತರ ಹುಡುಗಿ ರಾತ್ರಿ ನಿದ್ದೆ ಬಾರದೆ ಫೋನ್ ತಿರುವುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಅವಳಿಗೆ ಸಿಗುವ ಇಂಗ್ಲಿಷ್ ವಿಡಿಯೊಗಳಲ್ಲಿ ಅವಳದೇ ವಯಸ್ಸಿನವರು ತಮ್ಮನ್ನು ‘ಸಿಸ್ಟಮ್’ ಎಂದು ಕರೆದುಕೊಳ್ಳುತ್ತಾರೆ. ಒಳಗಿರುವವರೆಲ್ಲ ‘ಆಲ್ಟರ್’ಗಳು, ಆ ಹೊತ್ತಿಗೆ ಮೈಯನ್ನು ನಡೆಸುವವರು ‘ಫ್ರಂಟ್’ನಲ್ಲಿದ್ದಾರೆ. ಬಯೋದಲ್ಲಿ ಹದಿನೈದು ಹೆಸರು, ಪ್ರತಿಯೊಬ್ಬರ ವಯಸ್ಸು, ಇಷ್ಟದ ತಿಂಡಿ. ಒಂದಿಬ್ಬರು ಜಪಾನಿ ಕಾರ್ಟೂನಿನ ಪಾತ್ರಗಳು. ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ, ತಲೆ ಒಂದಿಷ್ಟು ವಾಲಿಸಿದರೆ ಬೇರೊಬ್ಬರು ಹಾಜರು. ಕೆಳಗೆ ಕಮೆಂಟುಗಳಲ್ಲಿ ಅರ್ಧ ಜನ ಅಪ್ಪಿ ಸಂತೈಸುತ್ತಾರೆ. ಇನ್ನರ್ಧ, ಬೆಂಗಳೂರಿನ ಮಾತಿನಲ್ಲೇ ಹೇಳುವುದಾದರೆ, ‘ಸುಮ್ನೆ ಡವ್’ ಎನ್ನುತ್ತಾರೆ.

ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್, ಚಿಕ್ಕದಾಗಿ ಡಿಐಡಿ, ನಿಜವಾದ ಕಾಯಿಲೆ. ಎಳವೆಯಲ್ಲಿ ಮತ್ತೆಮತ್ತೆ ಹಿಂಸೆ, ಲೈಂಗಿಕ ದೌರ್ಜನ್ಯ ಅನುಭವಿಸಿದವರಲ್ಲಿ ಹೆಚ್ಚಾಗಿ ಕಾಣುವಂಥದ್ದು. ದಿನದ ಕೆಲವು ಗಂಟೆಗಳೇ ನೆನಪಿನಿಂದ ಅಳಿಸಿಹೋಗಿರುತ್ತವೆ. ತಾನು ಕೊಂಡ ನೆನಪಿಲ್ಲದ ವಸ್ತು ಚೀಲದಲ್ಲಿರುತ್ತದೆ. ಹೀಗೆ ನರಳುವವರು ಸಾಮಾನ್ಯವಾಗಿ ಅದನ್ನು ಮುಚ್ಚಿಡುತ್ತಾರೆ, ಹುಚ್ಚು ಅಂದುಕೊಂಡಾರೆಂದು ಹೆದರುತ್ತಾರೆ. ನೋಡುಗರನ್ನು ಕರೆದು ತೋರಿಸುವ ಉತ್ಸಾಹ ವೈದ್ಯರ ಅನುಮಾನಕ್ಕೆ ಎಡೆಯಾಗುವುದು ಇದರಿಂದಲೇ.

ನಮ್ಮ ಆಸ್ಪತ್ರೆಗಳ ಅನುಭವ ಇನ್ನೂ ಕುತೂಹಲದ್ದು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಒಂದು ದಶಕದ ದಾಖಲೆಗಳನ್ನು ತೆಗೆದು ನೋಡಿದ ಸಂತೋಷ್ ಚತುರ್ವೇದಿ, ಗೀತಾ ದೇಸಾಯಿ ಮತ್ತು ಸಂಗಡಿಗರ ವರದಿ 2010ರಲ್ಲಿ ಪ್ರಕಟವಾಯಿತು. ಡಿಐಡಿಯೂ ಸೇರುವ ಡಿಸೋಸಿಯೇಟಿವ್ ಗುಂಪಿನ ಕಾಯಿಲೆಯೆಂದು ಗುರುತಿಸಲಾದವರು 893 ಮಂದಿ. ಅವರಲ್ಲಿ ಹೆಚ್ಚಾಗಿ ಕಂಡದ್ದು ಕೈಕಾಲು ಇದ್ದಕ್ಕಿದ್ದಂತೆ ಸ್ವಾಧೀನ ತಪ್ಪುವುದು, ಅದರ ನಂತರ ಫಿಟ್ಸ್‌ನಂಥ ಸೆಳೆತ. ಹೆಸರು ಹೆಸರಾಗಿ ಬದಲಾಗುವ ಬಹುವ್ಯಕ್ತಿತ್ವ ಭಾರತದ ವೈದ್ಯರಿಗೆ ಅಪರೂಪದ ಅತಿಥಿ.

ಹಾಗಾದರೆ ಒಬ್ಬರೊಳಗೆ ಇನ್ನೊಬ್ಬರಾಗುವ ಸಂಕಟ ಇಲ್ಲಿ ಯಾವ ರೂಪದಲ್ಲಿ ಬರುತ್ತಿತ್ತು? ಮೈಮೇಲೆ ಬರುವುದಾಗಿ. ಗಂಡನ ಮನೆಯಲ್ಲಿ ಸೊಲ್ಲೆತ್ತದ ಸೊಸೆಯ ಮೈಮೇಲೆ ಅಮ್ಮ ಬಂದರೆ ಅತ್ತೆಯೂ ಕೈಮುಗಿದು ನಿಲ್ಲಬೇಕು. ಸತ್ತ ಓರಗಿತ್ತಿ ಮೆಟ್ಟಿಕೊಂಡರೆ ಅವಳ ಬಾಯಿಂದ ಇವಳ ದೂರೂ ಹೊರಬೀಳುತ್ತದೆ. ಕನ್ನಡದಲ್ಲಿ ಮನೋರೋಗಗಳ ಬಗ್ಗೆ ಅಪಾರವಾಗಿ ಬರೆದ ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಈ ಮೈಮೇಲೆ ಬರುವುದನ್ನೂ ಅಧ್ಯಯನ ಮಾಡಿದವರು. ಅಮೆರಿಕದ ಮನೋವೈದ್ಯರ ಕೈಪಿಡಿ 2013ರ ಆವೃತ್ತಿಯಲ್ಲಿ ಇಂಥ ಅನುಭವವನ್ನು ಡಿಐಡಿಯ ವಿವರಣೆಯೊಳಗೇ ಸೇರಿಸಿಕೊಂಡಿತು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಎರಡನ್ನೂ ಬೇರೆಬೇರೆಯಾಗಿ ಇಟ್ಟಿದೆ. ಪಂಡಿತರೇ ಇನ್ನೂ ಗೆರೆ ಎಳೆಯುತ್ತಿದ್ದಾರೆ.

ಒಳಗಿನ ಸಂಕಟ ಸುತ್ತಲ ಸಮಾಜ ಕೊಟ್ಟ ಅಂಗಿಯನ್ನೇ ತೊಡುತ್ತದೆ. ಅಮೆರಿಕದಲ್ಲಿ ಆ ಅಂಗಿ ಹೊಲಿದದ್ದು 1973ರ ‘ಸಿಬಿಲ್’ ಪುಸ್ತಕ: ಒಬ್ಬ ಹೆಣ್ಣು, ಹದಿನಾರು ವ್ಯಕ್ತಿತ್ವ. 1976ರಲ್ಲಿ ಅದು ಟಿ.ವಿ. ಚಿತ್ರವೂ ಆಯಿತು. ಅಲ್ಲಿಯವರೆಗೆ ಅಪರೂಪವಾಗಿದ್ದ ಕಾಯಿಲೆ ಮುಂದಿನ ಎರಡು ದಶಕಗಳಲ್ಲಿ ಸಾವಿರಗಟ್ಟಲೆ ಜನರಲ್ಲಿ ಪತ್ತೆಯಾಯಿತು. ಸಿಬಿಲ್‌ಳ ನಿಜವಾದ ಹೆಸರು ಶರ್ಲಿ ಮೇಸನ್. ತನ್ನೊಳಗೆ ಬೇರೆ ಯಾರೂ ಇಲ್ಲ, ಹೇಳಿದ್ದು ಸುಳ್ಳು ಎಂದು ಆಕೆ 1958ರಲ್ಲೇ ತನ್ನ ವೈದ್ಯೆ ಕಾರ್ನೀಲಿಯಾ ವಿಲ್ಬರ್‌ಗೆ ಪತ್ರ ಬರೆದಿದ್ದಳು. ವೈದ್ಯೆ ಅದನ್ನು ಚಿಕಿತ್ಸೆಯಿಂದ ತಪ್ಪಿಸಿಕೊಳ್ಳುವ ಹೂಟ ಎಂದು ತಳ್ಳಿಹಾಕಿದರು. ಈ ಕಥೆಯನ್ನು ಪತ್ರಕರ್ತೆ ಡೆಬಿ ನೇಥನ್ 2011ರಲ್ಲಿ ಪುಸ್ತಕವಾಗಿಸಿದರು. ಇಲ್ಲಿ ಸುಳ್ಳು ಯಾರದು? ರೋಗಿಗಿಂತ ವೈದ್ಯೆಗೇ ಆ ಕಾಯಿಲೆ ಹೆಚ್ಚು ಬೇಕಾಗಿತ್ತೇನೋ.

ಬೇಕೆಂದೇ ನಟಿಸಿದವರೂ ಇದ್ದಾರೆ. ಲಾಸ್ ಏಂಜಲೀಸಿನ ಸರಣಿ ಹಂತಕ ಕೆನೆತ್ ಬಿಯಾಂಕಿ 1979ರಲ್ಲಿ ಸಿಕ್ಕಿಬಿದ್ದಾಗ, ಕೊಂದವನು ತಾನಲ್ಲ, ತನ್ನೊಳಗಿನ ‘ಸ್ಟೀವ್’ ಎಂದ. ಮನೋವೈದ್ಯ ಮಾರ್ಟಿನ್ ಓರ್ನ್ ಮಾತಿನ ನಡುವೆ, ನಿಜವಾದ ರೋಗಿಗಳಲ್ಲಿ ಇಬ್ಬರಷ್ಟೇ ಇರುವುದು ವಿರಳ ಎಂದು ಗಾಳ ಎಸೆದರು. ಸ್ವಲ್ಪ ಹೊತ್ತಿಗೆಲ್ಲ ‘ಬಿಲ್ಲಿ’ ಎಂಬ ಮೂರನೆಯವನು ಹಾಜರಾದ! ಬಿಯಾಂಕಿ ಕೊನೆಗೆ ತಪ್ಪೊಪ್ಪಿಕೊಂಡ. ಅವನಿಗೆ ಬೇಕಿದ್ದದ್ದು ಶಿಕ್ಷೆಯಿಂದ ಪಾರಾಗುವ ದಾರಿ. ಬರೀ ಆರೈಕೆ, ಗಮನ ಬಯಸಿ ರೋಗ ನಟಿಸುವವರದು ಬೇರೆ ಬಗೆ. ಅದಕ್ಕೆ ‘ಮುಂಚೌಸೆನ್’ ಎಂಬ ಹೆಸರನ್ನು ಬ್ರಿಟನ್ನಿನ ರಿಚರ್ಡ್ ಆಶರ್ 1951ರಲ್ಲೇ ಕೊಟ್ಟಿದ್ದರು. ಅದು ಇಂಟರ್ನೆಟ್ಟಿಗೆ ಬಂದಿದೆ ಎಂದು ಅಮೆರಿಕದ ಮಾರ್ಕ್ ಫೆಲ್ಡ್‌ಮನ್ 2000ದಲ್ಲಿ ಬರೆದರು. ಆಗ ರೀಲ್ಸ್ ಎಲ್ಲಿತ್ತು?

ಆದರೆ ಫೋನಿನ ಮುಂದಿರುವ ಮಕ್ಕಳಲ್ಲಿ ಬಹುತೇಕರು ಬಿಯಾಂಕಿಯ ಜಾತಿಯವರಲ್ಲ. ಜರ್ಮನಿಯ ಒಂದು ಪ್ರಸಂಗ ಇದಕ್ಕೆ ಹತ್ತಿರದ್ದು. ಟುರೆಟ್ ಎಂಬ ನರದ ತೊಂದರೆಯಿರುವ ಯುವಕನೊಬ್ಬ 2019ರಲ್ಲಿ ಯೂಟ್ಯೂಬ್ ಚಾನೆಲ್ ಶುರುಮಾಡಿದ. ಕೆಲವೇ ಕಾಲದಲ್ಲಿ ಹ್ಯಾನೋವರ್ ನಗರದ ಕ್ಲಿನಿಕ್ಕಿಗೆ ಹದಿಹರೆಯದವರು ಬರತೊಡಗಿದರು. ಅದೇ ಚಲನೆ, ‘ಹಾರುವ ಶಾರ್ಕ್‌ಗಳು’ ಎಂಬ ಅವನದೇ ಉದ್ಗಾರ. ಅವರು ಬೇಕೆಂದು ಸುಳ್ಳಾಡುತ್ತಿರಲಿಲ್ಲ, ಆದರೆ ಆ ಲಕ್ಷಣಗಳು ಟುರೆಟ್‌ನವೂ ಆಗಿರಲಿಲ್ಲ. ನಿಮಗೆ ಆ ಕಾಯಿಲೆ ಇಲ್ಲ ಎಂದು ವೈದ್ಯರು ಹೇಳಿದ ಮೇಲೆ ಕೆಲವರು ಬೇಗನೆ ಚೇತರಿಸಿಕೊಂಡರು.

ಡಿಐಡಿಯ ವಿಷಯದಲ್ಲಿ ಅಷ್ಟು ಸುಲಭವಾಗಿ ಬಿಡುಗಡೆ ಸಿಗುವುದಿಲ್ಲ. ಪೋಲೆಂಡಿನ ಇಗೊರ್ ಪಿಯೆಟ್ಕಿಯೆವಿಚ್ ಮತ್ತು ಸಂಗಡಿಗರು ತಮಗೆ ಡಿಐಡಿ ಇದೆಯೆಂದು ನಂಬಿದ್ದ, ಆದರೆ ಪರೀಕ್ಷೆಯಲ್ಲಿ ಅದು ಇಲ್ಲವೆಂದು ಕಂಡ ಆರು ಹೆಂಗಸರನ್ನು ವಿವರವಾಗಿ ಮಾತಾಡಿಸಿ 2021ರಲ್ಲಿ ಬರೆದರು. ಆ ಹೆಂಗಸರಿಗೆ ಕಾಯಿಲೆಯ ಪರಿಭಾಷೆ ಕರಗತವಾಗಿತ್ತು. ಗೆಳೆಯರ ನಡುವೆ ಅದೇ ಮಾತಿನ ವಿಷಯವೂ ಆಗಿತ್ತು. ಮನಸ್ಸಿನ ಗೊಂದಲಕ್ಕೆಲ್ಲ ಅದು ಒಂದೇ ಉತ್ತರ ಕೊಡುತ್ತಿತ್ತು. ಹಾಗಾಗಿ ಕಾಯಿಲೆ ಇಲ್ಲವೆಂದು ತಿಳಿದಾಗ ಕೆಲವರಿಗೆ ನಿರಾಶೆ, ಕೆಲವರಿಗೆ ಸಿಟ್ಟು.

ಇದರ ಬೆಲೆ ತೆರುವವರು ಇಬ್ಬರು. ಒಬ್ಬಳು ನಿಜವಾಗಿ ಡಿಐಡಿ ಇರುವವಳು: ವರ್ಷಗಟ್ಟಲೆ ಮುಚ್ಚಿಟ್ಟದ್ದನ್ನು ಕೊನೆಗೂ ಬಾಯಿಬಿಟ್ಟರೆ ‘ರೀಲ್ಸ್ ನೋಡಿ ಬಂದ್ಯಾ?’ ಎಂಬ ಪ್ರಶ್ನೆ ಎದುರಾಗುತ್ತದೆ. ಇನ್ನೊಬ್ಬಳು ಆ ಪಿ.ಜಿ.ಯ ಹುಡುಗಿ. ಅವಳಿಗೆ ಇರಬಹುದಾದದ್ದು ಖಿನ್ನತೆ, ಆತಂಕ, ಅಥವಾ ಯಾರಿಗೂ ಹೇಳಲಾಗದ ಹಳೆಯ ಗಾಯ. ಹದಿನೈದು ಹೆಸರುಗಳ ಹಿಂದೆ ಅದು ಅಡಗಿ ಕೂತು ಚಿಕಿತ್ಸೆ ತಪ್ಪಿಹೋಗುತ್ತದೆ. ‘ನಾಟಕ ಸಾಕು’ ಎಂದು ಗದರುವ ಅಪ್ಪ-ಅಮ್ಮನೂ, ‘ನಿನ್ನೊಳಗೆ ಎಷ್ಟು ಜನ?’ ಎಂದು ಕುತೂಹಲದಿಂದ ಎಣಿಸುವ ಗೆಳತಿಯೂ ಅದನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತಾರೆ.

ಅನುಭವಿ ವೈದ್ಯರು ಹೆಸರುಗಳ ಪಟ್ಟಿಯಿಂದ ಶುರುಮಾಡುವುದಿಲ್ಲ. ನಿದ್ದೆ, ಊಟ, ಕಾಲೇಜು, ಮನೆ, ನೆನಪು ತಪ್ಪಿದ ಗಂಟೆಗಳು, ಸಾಯುವ ಯೋಚನೆ ಬಂದಿದೆಯೇ ಎಂದು ಕೇಳುತ್ತಾರೆ. ಯಲಹಂಕದಿಂದ ನಿಮ್ಹಾನ್ಸ್‌ಗೆ ಹೋಗಲು ಹೆಬ್ಬಾಳದ ಟ್ರಾಫಿಕ್ ದಾಟಿ ಇಡೀ ಊರು ಹಾಯಬೇಕು. ಯಶವಂತಪುರದ ಕಡೆಯವರಿಗೆ ಎಂ.ಎಸ್. ರಾಮಯ್ಯ ಆಸ್ಪತ್ರೆಯ ಮನೋವೈದ್ಯ ವಿಭಾಗ ಹತ್ತಿರ. ಮೊದಲ ಮಾತಿಗಾದರೆ ಅಷ್ಟು ದೂರವೂ ಬೇಡ. 2022ರ ಅಕ್ಟೋಬರ್ 10ರಂದು ಆರಂಭವಾದ, ನಿಮ್ಹಾನ್ಸ್ ಮುನ್ನಡೆಸುವ ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತವಾಗಿ, ಕನ್ನಡದಲ್ಲೂ ಸಿಗುತ್ತದೆ. ಕರೆ ಮಾಡುವವರು ತಮ್ಮ ಕಾಯಿಲೆಗೆ ಮೊದಲೇ ಒಂದು ಹೆಸರು ಹುಡುಕಿಟ್ಟುಕೊಂಡಿರಬೇಕಿಲ್ಲ; ಎರಡು ವಾರದಿಂದ ನಿದ್ದೆಯಿಲ್ಲ ಎಂದರೂ ಮಾತು ಮುಂದುವರಿಯುತ್ತದೆ.